ತೊಳೆದವಳೇ ಹೇಳಬಾರದು

ಬೆಳಿಗ್ಗೆ ಯಾರೂ ಏಳುವ ಮುಂಚೆ ನಾನು ರಾತ್ರಿಯ ಪಾತ್ರೆ ತೊಳೆಯುತ್ತೇನೆ. ನಲ್ಲಿಯನ್ನು ಪೂರ್ತಿ ತಿರುಗಿಸುವುದಿಲ್ಲ. ದಾರದಷ್ಟು ನೀರು ಬಿಟ್ಟುಕೊಂಡು, ತಟ್ಟೆಗೆ ತಟ್ಟೆ ತಾಗದ ಹಾಗೆ ಉಜ್ಜಿ, ಲೋಟಗಳನ್ನು ಬಟ್ಟೆಯ ಮೇಲೆ ಬೋರಲು ಹಾಕುತ್ತೇನೆ. ಒಂದು ಚಮಚ ಕೈ ಜಾರಿದರೂ ಒಳಗಿನಿಂದ ಅಣ್ಣ ಕೆಮ್ಮುತ್ತಾನೆ. ಅದು ಕೆಮ್ಮಲ್ಲ, ಬೈಗುಳ. ಒಂದು ದಿನ ಸೋಪಿನ ನೊರೆ ಬೆರಳಿನ ಬಿರುಕಿಗೆ ಇಳಿದು ಕಣ್ಣಲ್ಲಿ ನೀರು ತುಂಬಿತು. ತುಟಿ ಕಚ್ಚಿಕೊಂಡು ಬಾಣಲೆ ಉಜ್ಜಿ ಮುಗಿಸಿದೆ. ಚಮಚ ಬೀಳಲಿಲ್ಲ. ಯಾರೂ ಕೆಮ್ಮಲಿಲ್ಲ.

ಅಮ್ಮ ಎದ್ದು ಬಂದು ಒಲೆ ಹಚ್ಚಿದಳು. ನನ್ನ ಕೈ ಕಡೆ ನೋಡಿದಳು.

"ರಾತ್ರಿ ಎಣ್ಣೆ ಹಚ್ಕೊಂಡಿರಲಿಲ್ವಾ?"

"ಹಚ್ಕೊಂಡಿದ್ದೆ."

"ಮತ್ತೆ?"

ನಾನು ಡಬ್ಬಿ ತುಂಬಿಕೊಂಡು ಕೆಲಸಕ್ಕೆ ಹೊರಟೆ. ಅಲ್ಲಿಯೂ ತೊಳೆಯುವುದೇ.

ನನ್ನ ಕೆಲಸ ಒಂದು ದೊಡ್ಡ ಆಸ್ಪತ್ರೆಯ ನೆಲಮಾಳಿಗೆಯಲ್ಲಿ. ಮೇಲೆ ಆಪರೇಷನ್ ಆದಮೇಲೆ ಕತ್ತರಿ, ಇಕ್ಕಳ, ಚಿಮಟಗಳೆಲ್ಲ ಟ್ರೇಗಳಲ್ಲಿ ಕೆಳಗಿಳಿಯುತ್ತವೆ. ಮೊದಲು ತಣ್ಣೀರು, ಯಾಕಂದರೆ ಬಿಸಿನೀರು ಹಾಕಿದರೆ ರಕ್ತ ಅಂಟಿಕೊಂಡು ಕೂರುತ್ತದೆ. ಆಮೇಲೆ ಸೋಪಿನ ನೀರಲ್ಲಿ ನೆನೆಹಾಕುವುದು. ಆಮೇಲೆ ಬ್ರಷ್ಷು, ಅದೂ ನೀರಿನೊಳಗೇ, ಮುಖಕ್ಕೆ ಸಿಡಿಯದ ಹಾಗೆ. ಕತ್ತರಿಯ ಕೀಲು ಬಿಡಿಸಿ ಅದರ ಸಂದಿಯೊಳಗೆ. ಮತ್ತೆ ನೀರು, ಆಮೇಲೆ ಒರೆಸುವುದು. ಎರಡೆರಡು ಗ್ಲೌಸು ಹಾಕಿದರೂ ಒಳಗೆ ಕೈ ಬೆವರಿ ನೆನೆದು, ಸಂಜೆ ಬಿಚ್ಚಿದಾಗ ಅದು ನನ್ನ ಕೈ ಅಂತಲೇ ಅನ್ನಿಸುವುದಿಲ್ಲ.

ನಮ್ಮ ಕೋಣೆಯ ನಡುವೆ ಒಂದು ಗೋಡೆ, ಗೋಡೆಯಲ್ಲಿ ಒಂದು ಕಂಡಿ. ಈಚೆಗಿನದು ಒದ್ದೆ ಕಡೆ, ಆಚೆಗಿನದು ಒಣ ಕಡೆ. ನಾವು ತೊಳೆದದ್ದನ್ನು ಕಂಡಿಯಿಂದ ಆಚೆಗೆ ಕೊಡುತ್ತೇವೆ. ಅವರು ಅದನ್ನು ಬಟ್ಟೆಯಲ್ಲಿ ಸುತ್ತಿ, ಕಟ್ಟಿ, ಹಬೆಯ ಯಂತ್ರದೊಳಗೆ ಇಟ್ಟು ಬೇಯಿಸುತ್ತಾರೆ. ಒದ್ದೆ ಕಡೆಯವರಿಗೆ ಮೊಣಕಾಲುದ್ದದ ರಬ್ಬರ್ ಬೂಟು. ಒಣ ಕಡೆಯವರಿಗೆ ಮಾಮೂಲಿ ಚಪ್ಪಲಿ. ನಾನು ಎಷ್ಟೋ ಸಲ ಕಂಡಿಯಿಂದ ಬಗ್ಗಿ ಅವರ ಕಾಲು ನೋಡಿದ್ದೇನೆ. ಹುಚ್ಚು ಅನ್ನಬಹುದು. ಒಣಗಿದ ಕಾಲು ನೋಡಿ ಆಸೆ ಪಡುವವರು ಇರುತ್ತಾರೆ ಅಂತ ಒಣಗಿದ ಕಾಲಿನವರಿಗೆ ಗೊತ್ತಿರುವುದಿಲ್ಲ.

ಕಂಡಿಯ ಹತ್ತಿರ ಒಂದು ಎತ್ತರದ ಸ್ಟೂಲು, ಸ್ಟೂಲಿನ ಮುಂದೆ ಭೂತಗನ್ನಡಿ ಕೂರಿಸಿದ ದೀಪ. ಅಲ್ಲಿ ಕೂರುವವರನ್ನು ಎಲ್ಲರೂ ದೀಪದಕ್ಕ ಅನ್ನುತ್ತಾರೆ. ನಾವು ಕೊಟ್ಟ ಟ್ರೇಯನ್ನು ಅವರು ದೀಪದ ಕೆಳಗೆ ಹಿಡಿದು ನೋಡಬೇಕು. ಚೆನ್ನಾಗಿದ್ದರೆ "ಆಯ್ತು" ಅನ್ನುತ್ತಾರೆ. ಇಲ್ಲದಿದ್ದರೆ ಒಂದು ಮಾತೂ ಆಡದೆ ಟ್ರೇಯನ್ನು ವಾಪಸ್ ತಳ್ಳುತ್ತಾರೆ. ತೊಳೆದವಳು ಮಾತ್ರ ಬಾಯಿ ಬಿಡಬಾರದು. ತೊಳೆದೆ, ಮುಗಿಸಿದೆ, ಆಯ್ತು, ಯಾವುದನ್ನೂ ತೊಳೆದವಳು ಹೇಳಬಾರದು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಬಾಯಿ ತಪ್ಪಿ "ಇದು ಆಯ್ತು ಅಕ್ಕ" ಅಂದಿದ್ದೆ. ದೀಪದಕ್ಕ ಕತ್ತು ಹೊರಳಿಸಿ ನನ್ನನ್ನೇ ನೋಡಿದರು.

"ಹೆತ್ತವರಿಗೆ ಹೆಗ್ಗಣ ಮುದ್ದು ಕಣೆ. ನಿನ್ನ ಹೆಗ್ಗಣ ಮುದ್ದಾಗಿದೆಯೋ ಇಲ್ವೋ ಅಂತ ನಾನು ಹೇಳ್ತೀನಿ."

ಆವತ್ತಿಂದ ನಾನು ಹೇಳಿಲ್ಲ. ಆ ಕಟ್ಟಳೆ ಸರಿಯಾದದ್ದೇ. ಒಬ್ಬಳ ಕಣ್ಣು ತಪ್ಪಿಸಿದ್ದು ಇನ್ನೊಬ್ಬಳ ಕಣ್ಣಿಗೆ ಬೀಳಬೇಕು. ಅದೂ ಅಲ್ಲದೆ ಬಾಯಿ ಮುಚ್ಚಿಕೊಂಡಿರುವುದು ನನಗೇನೂ ಕಷ್ಟದ ಕೆಲಸವಲ್ಲ. ಅಲ್ಲಿ ನನ್ನ ಹೆಸರೇ ಮೂಗಿ.

ಮಾತಾಡದವರಿಗೆ ಒಂದು ಲಾಭವಿದೆ, ಕಣ್ಣು ಬಿಡುವಾಗಿರುತ್ತದೆ. ನಾನು ನೋಡಿದ್ದು ಇದು: ದೀಪದಕ್ಕ ಬೇರೆಯವರ ಟ್ರೇಯನ್ನು ಹೊರಳಿಸಿ ಹೊರಳಿಸಿ ನೋಡುತ್ತಿದ್ದರು, ಗಾಜು ಒರೆಸಿ ಮತ್ತೆ ನೋಡುತ್ತಿದ್ದರು. ನನ್ನ ಟ್ರೇ ಬಂದರೆ ಅದರ ಮೇಲೆ ಕೈ ಆಡಿಸಿ, ಗೋಡೆ ಕಡೆ ನೋಡುತ್ತಾ "ಆಯ್ತು" ಅನ್ನುತ್ತಿದ್ದರು. ಮೊದಮೊದಲು ಹೆಮ್ಮೆಯಾಯಿತು. ಆಮೇಲೆ ಒಂದು ದಿನ ಊಟದ ಹೊತ್ತಲ್ಲಿ ಅಂಗಿಯ ಗುಂಡಿ ಹೊಲಿಯಲು ಕೂತವರು ಸೂಜಿ ನನ್ನ ಕಡೆ ಚಾಚಿ, "ದಾರ ಪೋಣಿಸಿಕೊಡೆ, ನನ್ನ ಕೈ ಒದ್ದೆ" ಅಂದರು. ಅವರ ಕೈ ಒಣಗಿತ್ತು. ದಿನವಿಡೀ ಒಣಗಿಯೇ ಇರುತ್ತದೆ. ನಾನು ಪೋಣಿಸಿಕೊಟ್ಟೆ.

ಬಿರುಕು ಬೆರಳಿಂದ ಅಂಗೈಗೆ ಇಳಿದಾಗ ನಾನು ಮೇಲೆ ಚರ್ಮದ ಡಾಕ್ಟರ ಹತ್ತಿರ ಹೋದೆ. ಅವರು ಕೈ ತಿರುಗಿಸಿ ನೋಡಿ, ಯಾವ ಮುಲಾಮು ಬರೆದರೂ ಪ್ರಯೋಜನವಿಲ್ಲ, ನೀರು ಬಿಡಬೇಕು ಅಂದರು. ಹೀಗೇ ನಡೆದರೆ ಬೆರಳು ಪೂರ್ತಿ ಮಡಚೋಕೆ ಬರದ ಹಾಗೆ ಆಗುತ್ತೆ ಅಂದರು. ನೀರು ಬಿಟ್ಟರೆ ಕೆಲಸ ಬಿಟ್ಟಂತೆ. ಕೆಲಸ ಬಿಟ್ಟರೆ ನಾನು ಮನೆಯಲ್ಲಿ, ಮನೆಯಲ್ಲಿ ಮತ್ತೆ ನೀರು.

ಅದೇ ಸುಮಾರಿಗೆ ಒಣ ಕಡೆ ಹಬೆಯ ಯಂತ್ರ ನೋಡಿಕೊಳ್ಳುತ್ತಿದ್ದವರು ಕೆಲಸ ಬಿಟ್ಟುಹೋದರು. ಜಾಗ ಖಾಲಿ. ಒದ್ದೆ ಕಡೆಯವರು ಯಾರಾದರೂ ಕೇಳಬಹುದು ಅಂತ ಹೇಳಿದರು. ಆದರೆ ಒಂದು ಷರತ್ತು. ಯಂತ್ರದ ಹತ್ತಿರ ಇರುವವರು ಪಾಳಿ ಮುಗಿಯುವಾಗ ಏನೇನು ಮಾಡಿದೆ ಅಂತ ನಿಂತು ಬಾಯಲ್ಲಿ ಒಪ್ಪಿಸಬೇಕು, ಇಂಗ್ಲಿಷಿನಲ್ಲಿ. ಯಾಕಂದರೆ ನಮ್ಮ ಇನ್‌ಚಾರ್ಜ್ ಸಿಸ್ಟರು ಬೇರೆ ರಾಜ್ಯದವರು. ನಮ್ಮ ಮಾತಿನಲ್ಲಿ ಅವರಿಗೆ "ಬೇಗ", "ಸಾಕು", "ಮತ್ತೆ ತೊಳಿ" ಇಷ್ಟು ಬರುತ್ತದೆ. ನಮ್ಮ ಕೆಲಸಕ್ಕೆ ಅಷ್ಟು ಸಾಕಾಗಿತ್ತು.

ನಾನು ಕೈ ಎತ್ತಿದೆ. ಮೂಗಿ ಕೈ ಎತ್ತಿದ್ದು ನೋಡಿ ಒದ್ದೆ ಕಡೆ ಇಡೀ ನಕ್ಕಿತು.

"ಅಲ್ಲಿ ಬಾಯಿ ಬೇಕಲ್ಲೇ," ಅಂದರು ದೀಪದಕ್ಕ. "ನೀನು ಕೈ ಎತ್ತಿ ಏನು ಮಾಡ್ತೀಯ?"

ಅಣ್ಣನ ಓದು ಮುಗೀಲಿ, ಆಮೇಲೆ ನೀನು ಅಂತ ಹೇಳಿ ನನ್ನನ್ನು ಶಾಲೆ ಬಿಡಿಸಿದ್ದರು. ಅಣ್ಣನ ಓದು ಮುಗಿಯಿತು. ಆಮೇಲೆ ಅನ್ನುವುದು ಬರಲಿಲ್ಲ. ಹಾಗಾಗಿ ಇಂಗ್ಲಿಷು ನನಗೆ ಕಬ್ಬಿಣದ ಕಡಲೆ. ಅಕ್ಷರ ಕೂಡಿಸಿ ಓದಬಲ್ಲೆ, ಅಷ್ಟೆ. ಆಸ್ಪತ್ರೆಯ ಟೆಲಿಫೋನ್ ಕೋಣೆಯಲ್ಲಿ ಆಪರೇಟರಮ್ಮ ಅಂತ ಒಬ್ಬರಿದ್ದಾರೆ. ಊಟದ ಬಿಡುವಿನಲ್ಲಿ ಬಂದವರಿಗೆ ಇಂಗ್ಲಿಷು ಹೇಳಿಕೊಡುತ್ತಾರೆ ಅಂತ ಕೇಳಿದ್ದೆ. ಹೋದೆ. ನನ್ನ ಜೊತೆಗೆ ಇದ್ದ ಇನ್ನೊಬ್ಬ ವಿದ್ಯಾರ್ಥಿ ಅಂದರೆ ಲಿಫ್ಟಿನವರು. ಅವರಿಗೆ ನಮ್ಮಪ್ಪನ ವಯಸ್ಸು.

"ದಿನಾ ಮಾಡೋ ಕೆಲಸ ಹೇಳು," ಅಂದರು ಆಪರೇಟರಮ್ಮ.

ನಾನು ಕೈ ಉಜ್ಜಿ ತೋರಿಸಿದೆ.

"ವಾಷ್. ಒಳ್ಳೇ ಹುಡುಗಿ ಅದು, ಹೇಳಿದ ಮಾತು ಕೇಳುತ್ತೆ. ಕೆಲವು ಇವೆ, ಗೋ ಅನ್ನೋದು ನಿನ್ನೆ ಆದ್ರೆ ವೆಂಟ್ ಆಗುತ್ತೆ, ಗುರುತೇ ಸಿಗಲ್ಲ. ವಾಷ್ ಹಾಗಲ್ಲ. ಹಿಂದೆ ಒಂದು ಬಾಲ ಹಚ್ಚಿದ್ರೆ ಆಯ್ತು. ವಾಷ್ಟ್."

"ವಾಷೆಡ್," ಅಂದೆ, ಬರೆದ ಹಾಗೆ ಓದಿ.

"ಎಳೀಬೇಡ. ಬಾಲ ಬರೆಯೋವಾಗ ಉದ್ದ, ಹೇಳೋವಾಗ ಗಿಡ್ಡ. ವಾಷ್ಟ್. ಬ್ರಷ್ಟ್. ಆದ್ರೆ ಕ್ಲೀನ್ ಇದೆಯಲ್ಲ, ಅದು ಕ್ಲೀನ್ಡ್. ಕೊನೇ ಸದ್ದು ಮೆತ್ತಗಿದ್ರೆ ಬಾಲಾನೂ ಮೆತ್ತಗೆ."

"ಲಿಫ್ಟ್?" ಅಂದರು ಲಿಫ್ಟಿನವರು.

"ಲಿಫ್ಟೆಡ್. ನಿಮ್ಮದಕ್ಕೆ ಮಾತ್ರ ಬಾಲ ಪೂರ್ತಿ ಕೇಳ್ಸುತ್ತೆ."

ಲಿಫ್ಟಿನವರಿಗೆ ಅದರಿಂದ ಬಹಳ ಸಂತೋಷವಾಯಿತು. ಮೇಲೆ ಕೆಳಗೆ ಹೋಗುವಾಗಲೆಲ್ಲ ಯಾರು ಸಿಕ್ಕರೂ "ಐ ಲಿಫ್ಟೆಡ್" ಅನ್ನಲು ಶುರು ಮಾಡಿದರು.

ಆಪರೇಟರಮ್ಮ ಫೋನಿನ ನಡುವೆ ಪಾಠ ಹೇಳುತ್ತಿದ್ದರು. ಒಂದು ಕಿವಿಯಲ್ಲಿ ಯಾರಿಗೋ "ಸ್ವಲ್ಪ ತಡೀರಿ", ಇನ್ನೊಂದು ಕಡೆ ನಮಗೆ ಭೂತಕಾಲ. ಮಾಡಿ ಮುಗಿದದ್ದು ಐ ವಾಷ್ಟ್. ಮುಗಿದು, ಅದರ ಫಲ ಈಗಲೂ ಕಣ್ಣೆದುರಿಗೆ ಇದ್ದರೆ ಐ ಹ್ಯಾವ್ ವಾಷ್ಟ್. ತೊಳೆಯುತ್ತಾ ಇರುವಾಗ ಯಾರೋ ಬಂದರೆ ಐ ವಾಸ್ ವಾಷಿಂಗ್. ಮುಗಿದ ಸಂಗತಿ ಎರಡಿದ್ದು, ಅದರಲ್ಲಿ ಯಾವುದು ಮೊದಲು ಆಯಿತು ಅಂತ ಹೇಳಬೇಕಾದರೆ ಮೊದಲಿನದಕ್ಕೆ ಹ್ಯಾಡ್. "ಅಕ್ಕ ತಂಗಿ ಇದ್ದ ಹಾಗೆ. ಹ್ಯಾಡ್ ಯಾವಾಗಲೂ ಅಕ್ಕನಿಗೆ." ಇಲ್ಲ ಅನ್ನಬೇಕಾದರೆ ಡಿಡ್ ನಾಟ್ ವಾಷ್. "ಡಿಡ್ ಬಂತಂದ್ರೆ ಬಾಲ ಅದಕ್ಕೇ ಹೋಯ್ತು. ಮತ್ತೆ ವಾಷಿಗೂ ಬಾಲ ಹಚ್ಚಬೇಡ. ಒಂದು ಮನೆಗೆ ಒಂದೇ ಬಾಲ."

ಇದೆಲ್ಲ ನನಗೆ ಬೇಗ ತಲೆಗೆ ಹೋಯಿತು. ಬಾಯಿಗೆ ಬರಲಿಲ್ಲ. ಆಪರೇಟರಮ್ಮ ಕೇಳುತ್ತಿದ್ದರು: ಬೆಳಿಗ್ಗೆ ಏನು ಮಾಡಿದೆ, ಇಂಗ್ಲಿಷಲ್ಲಿ ಹೇಳು. ನಾನು ಲಿಫ್ಟಿನವರ ಮುಖ ನೋಡುತ್ತಿದ್ದೆ. ಅವರು ಹೇಳಲಿ ಅಂತ.

"ಅವರನ್ನ ಯಾಕೆ ನೋಡ್ತೀಯ? ಅವರೇನು ನಿನ್ನ ಜೊತೆ ತೊಳೆದ್ರಾ?"

"ತೊಳೆದವಳೇ ಹೇಳಬಾರದು," ಅಂದೆ. ನಮ್ಮ ಕಟ್ಟಳೆಯನ್ನು ಹೇಳಿದೆ.

ಆಪರೇಟರಮ್ಮ ಕಿವಿಯಿಂದ ಫೋನು ತೆಗೆದರು. ಆಕೆ ಹಾಗೆ ಮಾಡಿದ್ದನ್ನು ನಾನು ಅದೇ ಮೊದಲು ನೋಡಿದ್ದು.

"ಚೆನ್ನಾಗಿದೆಯೋ ಇಲ್ವೋ ಅಂತ ಬೇರೆಯವರು ಹೇಳಲಿ, ಸರಿ. ಮಾಡಿದೆ ಅಂತ ಹೇಳೋಕೂ ಬೇರೆಯವರು ಬೇಕಾ?"

ಮೆಟ್ಟಿಲಿಳಿಯುತ್ತಾ ಅದನ್ನೇ ಯೋಚಿಸಿದೆ. ನಮ್ಮ ಮಾತಿನಲ್ಲಿ "ತೊಳೆದೆ" ಅಂದರೆ ಸಾಕು. ನಾನು ಅನ್ನುವುದು ಅದರ ಒಳಗೇ, ಕೊನೆಯಲ್ಲಿ, ಬಾಗಿಲ ಹಿಂದೆ ನಿಂತ ಹಾಗೆ ನಿಂತಿರುತ್ತದೆ. ನಾನು ಹಾಗೇ ನಿಂತು ಬೆಳೆದವಳು. ಇಂಗ್ಲಿಷಿನಲ್ಲಿ ಬರೀ ವಾಷ್ಟ್ ಅಂದರೆ ಯಾರು ತೊಳೆದರೋ ಯಾರಿಗೂ ತಿಳಿಯದು. ಐ ಅನ್ನುವುದು ಎಲ್ಲದಕ್ಕಿಂತ ಮುಂದೆ ಬಂದು, ಒಂಟಿ ಕಂಬದ ಹಾಗೆ ನಿಲ್ಲಬೇಕು. ನನಗೆ ಬಾಲದ ಭಯ ಇರಲಿಲ್ಲ, ಆ ಕಂಬದ ಭಯ ಇತ್ತು.

ಮನೆಯಲ್ಲಿ ಪಾತ್ರೆ ಉಜ್ಜುತ್ತಾ ಗೊಣಗಿಕೊಳ್ಳಲು ಶುರು ಮಾಡಿದೆ. ಐ ವಾಷ್ಟ್ ದ ಪ್ಲೇಟ್. ಐ ಹ್ಯಾವ್ ವಾಷ್ಟ್ ದ ಪ್ಲೇಟ್. ಅಣ್ಣ ನೀರು ಕುಡಿಯಲು ಬಂದವನು ನಿಂತು ಕೇಳಿಸಿಕೊಂಡ.

"ಅಮ್ಮ, ಬಾ ಇಲ್ಲಿ. ನಿನ್ನ ಮಗಳು ಪಾತ್ರೆಗಳಿಗೆ ಟ್ಯೂಷನ್ ಹೇಳ್ತಿದ್ದಾಳೆ."

ಅಮ್ಮ ಹೊಲಿಗೆ ಯಂತ್ರದಿಂದ ಏಳಲಿಲ್ಲ. ಅವಳು ಯಾರದೋ ಪ್ಯಾಂಟಿನ ಅಂಚು ಮಡಿಚಿ ಹೊಲಿಯುತ್ತಿದ್ದಳು. "ಅವಳ ಪಾಡಿಗೆ ಅವಳನ್ನ ಬಿಡೋ," ಅಂದಳು.

"ಅಲ್ಲಮ್ಮ, ತೊಳೆದೆ ಅಂತ ಹೇಳೋಕೆ ಇಂಗ್ಲಿಷ್ ಯಾಕೆ? ತೊಳೆದದ್ದು ಕಂಡ್ರೆ ಗೊತ್ತಾಗಲ್ವಾ?"

"ಕಾಣಲ್ಲ," ಅಂದೆ ನಾನು.

"ಏನು?"

"ತೊಳೆದದ್ದು ಕಾಣಲ್ಲ. ತೊಳೆಯದೆ ಬಿಟ್ಟದ್ದು ಮಾತ್ರ ಕಾಣುತ್ತೆ."

ಅಣ್ಣ ಲೋಟವನ್ನು ನಾನು ಆಗತಾನೇ ಒರೆಸಿದ ಕಲ್ಲಿನ ಮೇಲೆ ಇಟ್ಟು ಹೋದ. ಟಿ.ವಿ. ಮುಂದೆ ಕೂತಿದ್ದ ಅಪ್ಪ, "ಏನಂತೆ?" ಅಂತ ಕೇಳಿದರು. "ಏನಿಲ್ಲ, ಮೂಗಿಗೆ ಮಾತು ಬಂದಿದೆ," ಅಂದ ಅಣ್ಣ. ಆಸ್ಪತ್ರೆಯ ಅಡ್ಡಹೆಸರು ಅವನಿಗೆ ಹೇಗೆ ಗೊತ್ತಾಯಿತೋ ತಿಳಿಯದು. ಆಸ್ಪತ್ರೆಯವರಿಗೂ ಅವನಿಗೂ ಅದು ಬೇರೆ ಬೇರೆಯಾಗಿಯೇ ಹೊಳೆದಿರಬಹುದು.

ದೀಪದಕ್ಕನಿಗೆ ನನ್ನ ಓಡಾಟ ಹಿಡಿಸಲಿಲ್ಲ. ಮೊದಲು ತಮಾಷೆ ಮಾಡಿದರು. "ಏನೇ, ಊಟ ಬಿಟ್ಟು ಫೋನ್ ಕೋಣೇಲಿ ಗಾಳಿ ತಿಂತೀಯಾ?" ಆಮೇಲೆ ಬುದ್ಧಿ ಹೇಳಿದರು. "ಇಲ್ಲಿ ನಿನಗೇನು ಕಮ್ಮಿ? ನಿನ್ನ ಟ್ರೇ ಒಂದಾದ್ರೂ ವಾಪಸ್ ತಳ್ಳಿದ್ದೀನಾ? ಒಣ ಕಡೆ ಹೋದ್ರೆ ನಿನ್ನನ್ನ ಮೂಸಿ ನೋಡೋರಿಲ್ಲ." ಕೊನೆಗೆ ಒಂದು ಮಧ್ಯಾಹ್ನ ನನ್ನ ಪಕ್ಕ ನಿಂತು ತಗ್ಗಿದ ದನಿಯಲ್ಲಿ ಕೇಳಿದರು. "ನೀನು ಹೋದ್ರೆ ನಿನ್ನ ಜಾಗಕ್ಕೆ ಯಾವಳೋ ಕೈಲಾಗದೋಳು ಬರ್ತಾಳೆ. ನನ್ನ ಗತಿ ಏನೇ?"

ಅದು ನಿಜ ಅಂತ ನನಗೆ ಗೊತ್ತಿತ್ತು. ನನ್ನ ಟ್ರೇಗಳನ್ನು ಅವರು ನೋಡಬೇಕಾಗಿರಲಿಲ್ಲ. ಹೊಸಬಳದನ್ನು ನೋಡಲೇಬೇಕು, ನೋಡಿದರೂ ಕಾಣದು. ನನಗೆ ಅವರ ಮೇಲೆ ಕನಿಕರ ಬಂತು. ಹಾಗೆಯೇ ನನ್ನ ಅಂಗೈ ನೋಡಿಕೊಂಡೆ.

"ಕನ್ನಡಕ ಮಾಡಿಸ್ಕೊಳ್ಳಿ ಅಕ್ಕ," ಅಂದೆ.

ಅವರ ಮುಖ ಗಂಟಾಯಿತು. "ಕಣ್ಣು ಹೋಗಿದೆ ಅಂತ ಯಾರು ಹೇಳಿದ್ದು ನಿನಗೆ?" ಅಂದು ಸ್ಟೂಲಿಗೆ ಹೋಗಿ ಕೂತರು. ಆಮೇಲೆ ಪರೀಕ್ಷೆಯ ದಿನದವರೆಗೆ ನನ್ನ ಜೊತೆ ಮಾತಿಲ್ಲ. "ಆಯ್ತು" ಅನ್ನುವುದೊಂದೇ, ಅದೂ ಗೋಡೆಗೆ.

ಪರೀಕ್ಷೆ ಅಂದರೆ ದೊಡ್ಡದೇನಲ್ಲ. ನಾನು ಒಂದು ಟ್ರೇ ತೊಳೆದು ಕಂಡಿಯಲ್ಲಿ ಇಡಬೇಕು. ದೀಪದಕ್ಕ ನೋಡಿ ಆಯ್ತು ಅನ್ನಬೇಕು. ಆಮೇಲೆ ನಾನು ಒಣ ಕಡೆಯ ಬಾಗಿಲಲ್ಲಿ ನಿಂತು ಇನ್‌ಚಾರ್ಜ್ ಸಿಸ್ಟರಿಗೆ ಏನೇನು ಮಾಡಿದೆ ಅಂತ ಒಪ್ಪಿಸಬೇಕು. ಟ್ರೇ ವಾಪಸ್ ಬಂದರೆ ಮಾತಿನ ತನಕ ಹೋಗುವುದೇ ಇಲ್ಲ. ನಾನು ನಪಾಸಾದರೆ ಹೊರಗಿನವರನ್ನು ತೆಗೆದುಕೊಳ್ಳುತ್ತಾರೆ, ಆ ಬಾಗಿಲು ಮತ್ತೆ ಯಾವಾಗ ತೆರೆಯುತ್ತದೋ ಹೇಳಲು ಬರುವುದಿಲ್ಲ.

ಆವತ್ತು ಬೆಳಿಗ್ಗೆ ಬಂದ ಟ್ರೇಯಲ್ಲಿ ಕತ್ತರಿಗಳೇ ಹೆಚ್ಚು. ಒಂದೊಂದರ ಕೀಲನ್ನೂ ಬಿಡಿಸಿ ತೊಳೆದೆ. ಇಕ್ಕಳದ ಹಲ್ಲುಗಳ ನಡುವೆ ಬ್ರಷ್ಷಿನ ತುದಿ ಹಾಯಿಸಿದೆ. ಒರೆಸಿದೆ. ನಾನೇ ಬೆಳಕಿಗೆ ಹಿಡಿದು ನೋಡಿದೆ. ಆಮೇಲೆ ಕಂಡಿಯಲ್ಲಿಟ್ಟು, ಬೂಟು ಬಿಚ್ಚಿ, ಒಣ ಕಡೆಯ ಬಾಗಿಲಲ್ಲಿ ಬರಿಗಾಲಲ್ಲಿ ನಿಂತೆ. ನೆಲ ಬೆಚ್ಚಗಿತ್ತು.

ಸಿಸ್ಟರು ಕೈ ಕಟ್ಟಿ ನಿಂತಿದ್ದರು. ಒಣ ಕಡೆಯವರು ಬಟ್ಟೆ ಮಡಿಸುವುದನ್ನು ನಿಲ್ಲಿಸಿದ್ದರು. ಲಿಫ್ಟಿನವರು ಏನೋ ನೆಪ ಮಾಡಿಕೊಂಡು ಬಂದು ಬಾಗಿಲ ಹೊರಗೆ ನಿಂತಿದ್ದರು.

ದೀಪದಕ್ಕ ಟ್ರೇಯನ್ನು ದೀಪದ ಕೆಳಗೆ ಎಳೆದುಕೊಂಡರು. ಒಂದು ಕತ್ತರಿ ಎತ್ತಿದರು. ಇಟ್ಟರು. ಇನ್ನೊಂದು ಎತ್ತಿದರು. ನನ್ನ ಟ್ರೇಯನ್ನು ಅವರು ಅಷ್ಟು ಹೊತ್ತು ಮುಟ್ಟಿದ್ದೇ ಇಲ್ಲ. ಅವರು ಗಾಜಿನ ಮೂಲಕ ನೋಡುತ್ತಿರಲಿಲ್ಲ, ಗಾಜಿನ ಅಂಚಿನ ಮೇಲಿಂದ ನನ್ನ ಕಡೆ ನೋಡುತ್ತಿದ್ದರು. ಆಮೇಲೆ ಒಂದು ಮಾತೂ ಆಡದೆ ಟ್ರೇಯನ್ನು ಒದ್ದೆ ಕಡೆಗೆ ತಳ್ಳಿದರು.

ಟ್ರೇ ಕಂಡಿಯ ಅಂಚಿಗೆ ಬಂದು ನಿಂತಿತು. ಸಿಸ್ಟರು ನನ್ನ ಕಡೆ ತಿರುಗಿ, ತಮಗೆ ಬರುವ ಮೂರು ಮಾತಿನಲ್ಲಿ ಒಂದನ್ನು ಹೇಳಿದರು.

"ಮತ್ತೆ ತೊಳಿ."

ಮತ್ತೆ ತೊಳಿ ಅಂದರೆ ನನ್ನ ಕಾಲು ತಾನಾಗಿ ತಿರುಗುತ್ತದೆ. ಆಗಲೂ ತಿರುಗಿತು. ಒಂದು ಹೆಜ್ಜೆ ಹಿಂದಕ್ಕೆ ಇಟ್ಟೂ ಆಗಿತ್ತು. ಒದ್ದೆ ಕಡೆಯ ತಣ್ಣನೆ ನೆಲ ಅಂಗಾಲಿಗೆ ತಾಗಿತು. ಆ ತಂಪಿಗೋ ಏನೋ, ನಾನು ನಿಂತೆ. ವಾಪಸ್ ಬಂದೆ.

"ನೋ, ಸಿಸ್ಟರ್," ಅಂದೆ.

ಯಾರೋ ಹಿಂದೆ ಉಸಿರೆಳೆದುಕೊಂಡದ್ದು ಕೇಳಿಸಿತು. ಸಿಸ್ಟರ ಹುಬ್ಬು ಮೇಲಕ್ಕೆ ಹೋಯಿತು.

"ಐ ವಾಷ್ಟ್ ದಿಸ್ ಟ್ರೇ," ಅಂದೆ. ಕಂಬ ನಿಂತಿತು. ಬೀಳಲಿಲ್ಲ. ಇನ್ನೊಂದು ನಿಲ್ಲಿಸಿದೆ. "ಐ ಸೋಕ್ಟ್ ಇಟ್. ಐ ಬ್ರಷ್ಟ್ ಇಟ್. ಐ ರಿನ್ಸ್ಟ್ ಇಟ್. ಐ ಡ್ರೈಡ್ ಇಟ್."

ಅವರು ಕಂಡಿಯ ಕಡೆ ಬೆರಳು ತೋರಿಸಿ, ಆಕೆ ವಾಪಸ್ ತಳ್ಳಿದ್ದಾಳಲ್ಲ ಅನ್ನುವ ಅರ್ಥದಲ್ಲಿ ಇಂಗ್ಲಿಷಿನಲ್ಲಿ ಏನೋ ಹೇಳಿದರು.

"ಐ ಹ್ಯಾಡ್ ವಾಷ್ಟ್ ಇಟ್ ಬಿಫೋರ್ ಶೀ ಪುಷ್ಟ್ ಇಟ್. ಐ ಡಿಡ್ ನಾಟ್ ಮಿಸ್ಟ್."

ಕೊನೆಯದು ತಪ್ಪು. ಒಂದೇ ಮನೆಗೆ ಎರಡು ಬಾಲ ಹಚ್ಚಿದ್ದೆ. ಹೇಳುವಾಗಲೇ ಗೊತ್ತಾಯಿತು. ಇನ್ನು ಅದನ್ನು ತಿದ್ದುತ್ತಾ ಕೂತರೆ ಧೈರ್ಯ ಸೋರಿಹೋಗುತ್ತದೆ ಅಂತ ಹಾಗೆಯೇ ಬಿಟ್ಟೆ.

"ಪ್ಲೀಸ್ ಲುಕ್," ಅಂದೆ.

ಸಿಸ್ಟರು ನನ್ನನ್ನು ನೋಡಿದರು, ದೀಪದಕ್ಕನನ್ನು ನೋಡಿದರು. ಆಮೇಲೆ ಹೋಗಿ ಟ್ರೇಯನ್ನು ತಾವೇ ಎಳೆದುಕೊಂಡು ದೀಪದ ಕೆಳಗೆ ಇಟ್ಟರು. ದೀಪದಕ್ಕ ಸ್ಟೂಲಿನಿಂದ ಇಳಿದು ಪಕ್ಕಕ್ಕೆ ಸರಿದು ನಿಂತರು. ಸಿಸ್ಟರು ಒಂದೊಂದನ್ನೂ ಎತ್ತಿ, ಕೀಲು ಬಿಡಿಸಿ, ಹಲ್ಲು ತೆರೆದು, ಹಿಂದೆ ಮುಂದೆ ನೋಡಿದರು. ಅಷ್ಟು ಹೊತ್ತೂ ನಾನು ನನ್ನ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡಿದ್ದೆ. ಆಮೇಲೆ ಯಾಕೆ ಅಡಗಿಸಬೇಕು ಅನ್ನಿಸಿ ಮುಂದೆ ತಂದು, ಇಳಿಬಿಟ್ಟು ನಿಂತೆ.

"ಕ್ಲೀನ್," ಅಂದರು ಸಿಸ್ಟರು. ಅವರ ಕಣ್ಣು ಟ್ರೇಯಿಂದ ನನ್ನ ಕೈಗೆ ಬಂತು, ಅಲ್ಲಿ ಸ್ವಲ್ಪ ಹೊತ್ತು ನಿಂತಿತು. "ಮಂಡೇ. ಡ್ರೈ ಸೈಡ್. ಒನ್ ಮಂತ್, ಐ ವಿಲ್ ಸೀ." ಆಮೇಲೆ ದೀಪದಕ್ಕನ ಕಡೆ ತಿರುಗಿ, "ಯು ಚೆಕ್ಟ್?" ಅಂತ ಕೇಳಿದರು. ದೀಪದಕ್ಕ ನೆಲ ನೋಡಿದರು. ಸಿಸ್ಟರು ಇನ್ನೊಂದು ಸಲ ಕೇಳದೆ ಹೊರಟುಹೋದರು. ಬಾಗಿಲ ಹೊರಗೆ ಲಿಫ್ಟಿನವರು ಯಾರಿಗೋ "ಶೀ ಲಿಫ್ಟೆಡ್, ಶೀ ಲಿಫ್ಟೆಡ್" ಅಂತ ಹೇಳುತ್ತಿದ್ದುದು ಕೇಳಿಸಿತು. ಪಾಪ, ಅವರಿಗೆ ಬರುತ್ತಿದ್ದುದು ಅದೊಂದೇ.

ಬಟ್ಟೆ ಬದಲಿಸುವ ಕೋಣೆಯಲ್ಲಿ ದೀಪದಕ್ಕ ನನಗಿಂತ ಮೊದಲೇ ಹೋಗಿ ಬೆಂಚಿನ ಮೇಲೆ ಕೂತಿದ್ದರು. ನಾನು ನನ್ನ ಚೀಲ ತೆಗೆದುಕೊಂಡೆ.

"ಬಾಯಿ ಬಂತಲ್ಲ," ಅಂದರು.

"ಬಂತು."

"ನನ್ನ ಕಣ್ಣಿನ ವಿಷಯಾನೂ ಅಲ್ಲೇ ಹೇಳಿಬಿಡಬಹುದಾಗಿತ್ತು. ಇಂಗ್ಲಿಷಲ್ಲೇ."

"ಬರ್ತಿತ್ತು. ಹೇಳಲಿಲ್ಲ."

ಅವರು ತುಟಿಯಂಚಿನಲ್ಲಿ ನಕ್ಕರು. ಆ ನಗೆಯಲ್ಲಿ ಎಲ್ಲ ಮುಗಿಯಿತು, ನಾವು ಮೊದಲಿನ ಹಾಗೆಯೇ ಅನ್ನುವ ಭರವಸೆ ಇತ್ತು. ನನಗೆ ಅದು ಸರಿಬರಲಿಲ್ಲ.

"ಅಕ್ಕ, ಸೋಮವಾರ ನನ್ನ ಜಾಗಕ್ಕೆ ಯಾರೋ ಬರ್ತಾರೆ. ಅವರ ಟ್ರೇ ನಾನು ಆಚೆ ಕಡೆ ತಗೋಬೇಕು. ನೀವು ಗೋಡೆ ನೋಡ್ಕೊಂಡು ಆಯ್ತು ಅಂದ್ರೆ ನಾನು ತಗೊಳ್ಳಲ್ಲ. ಮೇಲೆ ಮಲಗಿರೋರು ನಮ್ಮನ್ನ ನಂಬಿ ಮಲಗಿರ್ತಾರೆ. ಕನ್ನಡಕ ಮಾಡಿಸ್ಕೊಳ್ಳಿ, ಇಲ್ಲ ಸಿಸ್ಟರಿಗೆ ನೀವೇ ಹೇಳಿ. ನೀವು ಹೇಳದಿದ್ರೆ ನಾನು ಹೇಳ್ತೀನಿ."

"ನನ್ನನ್ನೇ ಹೆದರಿಸ್ತೀಯಾ? ಸೂಜಿಗೆ ದಾರ ಪೋಣಿಸಿಕೊಟ್ಟೋಳು ನೀನು."

"ಅದಕ್ಕೇ ಮೊದಲು ನಿಮಗೆ ಹೇಳಿದ್ದು."

ನಾನು ಬಾಗಿಲು ದಾಟುವಾಗ ಹಿಂದಿನಿಂದ, "ಕನ್ನಡಕ ಹಾಕಿದ್ರೆ ನಾನು ಮುದುಕಿ ಥರ ಕಾಣ್ತೀನಿ ಕಣೆ," ಅಂದರು. ದನಿಯಲ್ಲಿ ಜಗಳ ಇರಲಿಲ್ಲ.

"ಕಾಣಲಿ ಬಿಡಿ. ನಿಮಗೂ ಒಂದಿಷ್ಟು ಕಾಣಲಿ," ಅಂದೆ.

ಮನೆಗೆ ಬಂದಾಗ ಸಂಜೆ. ಅಪ್ಪ ಟಿ.ವಿ. ನೋಡುತ್ತಿದ್ದರು, ಅಣ್ಣ ಮೊಬೈಲು ನೋಡುತ್ತಿದ್ದ, ಅಮ್ಮ ಯಂತ್ರದ ಮುಂದೆ. ಮಧ್ಯಾಹ್ನದ ತಟ್ಟೆಗಳು ತೊಟ್ಟಿಯಲ್ಲಿ ಒಣಗಿ ಕೂತಿದ್ದವು. ಎಲ್ಲರೂ ತಿಂದು ತಂದು ಇಟ್ಟದ್ದು. ಅಷ್ಟು ಕೆಲಸ ಎಲ್ಲರಿಗೂ ಬರುತ್ತಿತ್ತು.

ನಾನು ಚೀಲ ಇಟ್ಟು, ಕುರ್ಚಿ ಎಳೆದುಕೊಂಡು, ಅವರ ನಡುವೆ ಕೂತೆ. ನಾನು ಕೂತದ್ದು ನೋಡಿ ಅಮ್ಮನ ಕಾಲು ಯಂತ್ರದ ಮೇಲೆ ನಿಧಾನವಾಯಿತು. ಬಂದ ಕೂಡಲೇ ನಾನು ಹೋಗುವುದು ತೊಟ್ಟಿಯ ಹತ್ತಿರ.

"ನನಗೆ ಒಣ ಕಡೆ ಸಿಕ್ತು," ಅಂದೆ.

"ಏನು ಕಡೆ?" ಅಂದರು ಅಪ್ಪ.

"ಯಂತ್ರದ ಕಡೆ. ಸೋಮವಾರದಿಂದ. ಅಲ್ಲಿ ನೀರು ಮುಟ್ಟೋ ಹಾಗಿಲ್ಲ."

"ಒಳ್ಳೇದಾಯ್ತು," ಅಂದಳು ಅಮ್ಮ. ಅವಳ ಕಣ್ಣು ನಿಜವಾಗಿ ಬೆಳಗಿತು. ಅದು ನನಗೆ ಬೇಕಾಗಿತ್ತು. "ಕೈ ವಾಸಿಯಾಗುತ್ತೆ."

"ಇಂಗ್ಲಿಷ್ ಮೇಡಂ ಆದಳು," ಅಂದ ಅಣ್ಣ ಮೊಬೈಲಿನಿಂದ ತಲೆ ಎತ್ತದೆ. "ಹೋಗು ಮೇಡಂ, ತಟ್ಟೆಗಳು ಪಾಠಕ್ಕೆ ಕಾಯ್ತಿವೆ. ಹಾಗೇ ಒಂದು ಲೋಟ ಕಾಫಿ."

ನಾನು ಎರಡೂ ಕೈಗಳನ್ನು ಮೇಜಿನ ಮೇಲೆ, ಅವರ ಮೂವರ ನಡುವೆ, ಅಂಗೈ ಮೇಲಾಗಿ ಇಟ್ಟೆ. ಟಿ.ವಿ.ಯ ಬೆಳಕಿನಲ್ಲಿ ಬಿರುಕುಗಳು ಚೆನ್ನಾಗಿಯೇ ಕಾಣುತ್ತಿದ್ದವು. ಅಪ್ಪ ಒಮ್ಮೆ ನೋಡಿ ಮತ್ತೆ ಪರದೆಯ ಕಡೆ ತಿರುಗಿದರು. ಅಣ್ಣನ ಹೆಬ್ಬೆರಳು ಮೊಬೈಲಿನ ಮೇಲೆ ನಿಂತಿತು.

"ಬೆಳಿಗ್ಗೆ ನಾನು ತೊಳೆದೆ," ಅಂದೆ. "ನಿನ್ನೆ ತೊಳೆದೆ. ಮೊನ್ನೆಯೂ ನಾನೇ ತೊಳೆದಿದ್ದೆ."

"ಈಗ ಯಾರು ಇಲ್ಲ ಅಂದರು?" ಅಂದ ಅಣ್ಣ.

"ಯಾರೂ ಇಲ್ಲ ಅನ್ನಲಿಲ್ಲ. ಯಾರೂ ಹೌದು ಅನ್ನಲೂ ಇಲ್ಲ. ಅದಕ್ಕೆ ನಾನೇ ಹೇಳ್ತಿದ್ದೀನಿ."

ಅಮ್ಮ ಯಂತ್ರ ನಿಲ್ಲಿಸಿದಳು. ಅವಳು ಏಳಲು ಕೈ ಊರಿದಳು. ಅವಳು ಎದ್ದು ಹೋಗಿ ತೊಳೆದರೆ ಏನೂ ಬದಲಾಗುವುದಿಲ್ಲ ಅಂತ ನನಗೆ ಗೊತ್ತಿತ್ತು. ನಾನು ಅವಳ ಮಣಿಕಟ್ಟಿನ ಮೇಲೆ ಕೈ ಇಟ್ಟೆ. ಅವಳು ಕೂತಳು. ನಾನು ಅಪ್ಪನ ಕಡೆ, ಆಮೇಲೆ ಅಣ್ಣನ ಕಡೆ ನೋಡಿ, ದನಿ ಏರಿಸದೆ ಹೇಳಿದೆ.

"ಇವತ್ತು ಆ ತಟ್ಟೆಗಳನ್ನ ನೀವು ತೊಳೀರಿ."

ಟಿ.ವಿ.ಯಲ್ಲಿ ಯಾರೋ ಹವಾಮಾನ ವರದಿ ಹೇಳುತ್ತಿದ್ದರು. ನಲ್ಲಿ ತೊಟ್ಟಿಕ್ಕುತ್ತಿತ್ತು. ಯಾರೂ ಏಳಲಿಲ್ಲ. ನಾನೂ ಏಳಲಿಲ್ಲ.